ಶ್ರೀಮದ್ವರ್ಣದೀಪಾಧಿಪತಿಯವರ ಸಂದರ್ಶನ

ಕೋಲಾರ ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆಯಲ್ಲಿರುವ ನನ್ನ ತಂಗಿಯ ಮಗನು, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಒಂದೊಂದೇ ಬಿಡಿಭಾಗವನ್ನು ಚೌಕಾಸಿ ಮಾಡಿ ಕೊಂಡು, ಗಾಜಿನ ಬಾಗಿಲಿನ ಕ್ಯಾಬಿನೆಟ್ಟನ್ನು ಮಾರಿಕುಪ್ಪಂ ರೈಲಿನ ನೂಕುನುಗ್ಗಲಿನಲ್ಲಿ ಬಂಗಾರಪೇಟೆಯವರೆಗೂ ನಿಂತೇ ಹಿಡಿದು ತಂದು, ಕೈಯಾರೆ ಜೋಡಿಸಿದ ಕಂಪ್ಯೂಟರೊಂದುಂಟು. ಅದರ ಫ್ಯಾನುಗಳೂ, ರ‍್ಯಾಮಿನ ಪಟ್ಟಿಗಳೂ, ಗ್ರಾಫಿಕ್ಸ್ ಕಾರ್ಡೂ, ಕೀಬೋರ್ಡೂ ನಾನಾ ವರ್ಣಗಳಲ್ಲಿ ಬೆಳಗತಕ್ಕವು. ಆ ಬೆಳಕನ್ನೆಲ್ಲ ಆಳುವ ತಂತ್ರಾಂಶವು ಈಚೆಗೆ ಅಪ್‌ಡೇಟ್ ಪಡೆದು, ಬಹಳವಾಗಿ ಸುಧಾರಿಸಿರುವುದಾಗಿ ತಾನೇ ಪರದೆಯ ಮೇಲೆ ಪ್ರಕಟಿಸಿಕೊಂಡುದನ್ನು ಕಂಡು, ಅಂಥ ಮಹಾಶಯರ ದರ್ಶನ ಮಾಡದೆ ಊರಿಗೆ ಹಿಂದಿರುಗುವುದು ಅಪಚಾರವಾದೀತೆಂದು ಭಾವಿಸಿ ಸಂದರ್ಶನವನ್ನು ಬೇಡಿದೆನು. ಮೊದಲು ಲಾಗಿನ್ ಆಗಬೇಕಾಯಿತು; ಷರತ್ತುಗಳನ್ನೆಲ್ಲ ಓದಿ ಒಪ್ಪಿರುವೆನೆಂದು, ಓದದೆಯೇ, ಒಪ್ಪಿಕೊಳ್ಳಬೇಕಾಯಿತು. ದೊಡ್ಡವರ ಮನೆಯ ಬಾಗಿಲಲ್ಲಿ ಇಷ್ಟಾದರೂ ನಡೆಯದೆ ಹೇಗೆ?

ನಾನು: ತಮ್ಮ ಅಧಿಕಾರದ ವ್ಯಾಪ್ತಿಯನ್ನು ದಯಮಾಡಿ ತಿಳಿಸಬೇಕು.

ತಂತ್ರಾಂಶ: ಕೆಂಪು, ಹಸಿರು, ನೀಲಿ ಎಂಬ ಮೂರು ಮೂಲವರ್ಣಗಳಲ್ಲಿ ಒಂದೊಂದಕ್ಕೂ 256 ಮೆಟ್ಟಿಲುಗಳುಂಟು, ಗುಣಿಸಿ ನೋಡಿದರೆ 1,67,77,216 ವರ್ಣಗಳಾಗುವುವು. ಅಷ್ಟಕ್ಕೂ ನಾನೇ ಅಧಿಪತಿ.

ನಾನು: ಅಷ್ಟರಲ್ಲಿ ಹುಡುಗನು ಬಳಸುವುದೆಷ್ಟು?

ತಂತ್ರಾಂಶ: ಮೊದಲ ವಾರ ಎಲ್ಲವನ್ನೂ ಬಳಸಿದನು. ಆಮೇಲೆ ನೀಲಿಯೊಂದನ್ನೇ. ಪರೀಕ್ಷೆ ಬಂದಾಗ, ಮಾತೃಶ್ರೀಯವರ ಅಪ್ಪಣೆಯ ಮೇರೆಗೆ, ಯಾವುದನ್ನೂ ಇಲ್ಲ.

ನಾನು: ನೀಲಿಯೇನೂ ಸಾಮಾನ್ಯವಲ್ಲ. ಆ ನೀಲಿ ಎಲ್‌ಇಡಿಯನ್ನು ಸಾಧಿಸಿದುದಕ್ಕಾಗಿಯೇ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ತಂತ್ರಾಂಶ: ಅವರು ದೀಪವನ್ನು ಹೊತ್ತಿಸಿದರು, ಒಪ್ಪಿದೆ. ಅದನ್ನು ಕಾರಣವಿಲ್ಲದೆ ಮಿಟುಕಿಸಿದವನು ಯಾರು? ಆ ಮಾತನ್ನು ಮಾತ್ರ ಯಾವ ಸಮಿತಿಯೂ ಎತ್ತುವುದಿಲ್ಲ.

ನಾನು: ತಾವು ನೆಲೆಸಿರುವ ಊರಿನ ವಿಷಯ ತಮಗೆ ತಿಳಿದಿದೆಯೋ ಇಲ್ಲವೋ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಸಂಕಲ್ಪದಂತೆ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿಸಿದ ವಿದ್ಯುತ್ತು, ಸುಮಾರು 92 ಮೈಲಿ ದೂರ ತಂತಿಯ ಮೇಲೆ ಪಯಣಿಸಿ, 1902ರಲ್ಲಿ ಇಲ್ಲಿಯ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳು ವಿದ್ಯುದ್ದೀಪವನ್ನು ಕಂಡದ್ದು ಅದಾದ ಮೂರು ವರ್ಷಗಳ ಮೇಲೆ, 1905ರಲ್ಲಿ. ಅಷ್ಟು ದೂರ ಬಂದ ವಿದ್ಯುತ್ತು ಒಂದೇ ಆಜ್ಞೆಗೆ ವಿಧೇಯವಾಗಿ ದುಡಿಯಿತಲ್ಲ, ಈ ಒಂದೂವರೆ ಅಡಿಯ ಪೆಟ್ಟಿಗೆಯೊಳಗೆ ಆ ಐಕಮತ್ಯ ಏಕಿಲ್ಲ?

ತಂತ್ರಾಂಶ: ಏಕೆಂದರೆ ಆಗ ಒಂದೇ ಸರಕಾರವಿತ್ತು. ಇಲ್ಲಿ ನಾವು ಹಲವರು. ಮದರ್‌ಬೋರ್ಡ್ ಆಸುಸ್‌ನದಾದರೆ ಅದಕ್ಕೆ ಆರ್ಮರಿ ಕ್ರೇಟ್. ಗ್ರಾಫಿಕ್ಸ್ ಕಾರ್ಡು ಎಂಎಸ್ಐದಾದರೆ ಅದಕ್ಕೆ ಮಿಸ್ಟಿಕ್ ಲೈಟ್. ಗಿಗಾಬೈಟ್‌ನವರಿಗೆ ಆರ್‌ಜಿಬಿ ಫ್ಯೂಷನ್. ಕೋರ್ಸೇರ್‌ನ ರ‍್ಯಾಮಿಗೆ ಐಕ್ಯೂ. ಒಬ್ಬೊಬ್ಬರದೂ ಒಂದೊಂದು ಸಂಸ್ಥಾನ.

ನಾನು: ಹಾಗಾದರೆ ಹುಡುಗನಿಗೆ ಎಲ್ಲವೂ ಏಕರೂಪವಾಗಿ ಕೆಂಪಾಗಬೇಕೆಂದಾಗ?

ತಂತ್ರಾಂಶ: ನಾಲ್ಕು ಕಡೆ ಅರ್ಜಿ ಹಾಕಬೇಕು. ನಾಲ್ಕು ಕೆಂಪುಗಳು ಬರುವುವು: ಒಂದು ಕುಂಕುಮದ ಬಣ್ಣ, ಇನ್ನೊಂದು ಇಟ್ಟಿಗೆ, ಮೂರನೆಯದು ಗುಲಾಬಿಯ ಕಡೆಗೆ ವಾಲಿದ್ದು. ನಾಲ್ಕನೆಯವರು ಪ್ರತಿಯೊಂದು ಅಪ್‌ಡೇಟಿನ ಬಳಿಕ ಕಾಮನಬಿಲ್ಲಿಗೆ ಹಿಂದಿರುಗುವರು. ಅದು ಅವರ ಹುಟ್ಟುಗುಣ.

(ಇಲ್ಲಿ ಓದುಗರಿಗೆ ಒಂದು ಮಾತು. ಈ ವ್ಯವಸ್ಥೆಯಲ್ಲಿ ಅತ್ಯಂತ ಸಜ್ಜನರೆಂದರೆ ಫ್ಯಾನಿನ ಅಂಚಿನಲ್ಲಿ ಸಾಲಾಗಿ ಕುಳಿತ ಆ ಪುಟ್ಟ ಎಲ್‌ಇಡಿಗಳೇ ಎಂದು ನನ್ನ ದೃಢಾಭಿಪ್ರಾಯ. ಐದು ವೋಲ್ಟಿನ ಮೂರು ಪಿನ್ನಿನ ತಂತಿಯಲ್ಲಿ ಬಣ್ಣದ ಆಜ್ಞೆಗಳು ಒಂದರ ಹಿಂದೊಂದರಂತೆ ಬರುತ್ತಿರುವಾಗ, ಮೊದಲನೆಯ ದೀಪವು ತನ್ನ ಪಾಲಿನ 24 ಬಿಟ್‌ಗಳನ್ನು ಮಾತ್ರ ತೆಗೆದುಕೊಂಡು, ಉಳಿದುದನ್ನು ಮುಟ್ಟದೆ ಎರಡನೆಯದಕ್ಕೆ ದಾಟಿಸುತ್ತದೆ. ಎರಡನೆಯದೂ ಹಾಗೆಯೇ ಮಾಡಿ ಮೂರನೆಯದಕ್ಕೆ. ಮಂಜೂರಾದುದು ಕಟ್ಟಕಡೆಯವನನ್ನು ಪೂರ್ತಿಯಾಗಿ ತಲುಪುವ ಇಲಾಖೆಯನ್ನು ನಾನು ಇದುವರೆಗೆ ಕಂಡಿರಲಿಲ್ಲ. ನಾಲ್ಕು ಪಿನ್ನಿನ ಹನ್ನೆರಡು ವೋಲ್ಟಿನ ಜಾಗಕ್ಕೆ ಇವನ್ನು ಬಲವಂತವಾಗಿ ಚುಚ್ಚಿದರೆ ಸುಟ್ಟುಹೋಗುವುವೆಂಬುದನ್ನೂ ಜೋಡಿಸುವವರು ನೆನಪಿಡತಕ್ಕದ್ದು.)

ನಾನು: ತಾವೂ ತಮ್ಮ ದಾಯಾದಿಗಳೂ ಏಕಕಾಲದಲ್ಲಿ ಒಂದೇ ರ‍್ಯಾಮಿನೊಡನೆ ಮಾತನಾಡಹೊರಟರೆ ಏನಾಗುವುದು?

ತಂತ್ರಾಂಶ: ರ‍್ಯಾಮಿನ ಬಳಿಗೆ ಹೋಗಲು ಎಸ್‌ಎಂಬಸ್ ಎಂಬ ಒಂದೇ ಓಣಿ. ಎದುರುಬದುರಾದಾಗ ಯಾರೂ ಹಿಂದೆ ಸರಿಯುವುದಿಲ್ಲ. ದೀಪಗಳು ನಡುಬಣ್ಣದಲ್ಲಿ ಸ್ತಬ್ಧವಾಗುವುವು. ದುರದೃಷ್ಟವಿದ್ದರೆ ರ‍್ಯಾಮು ತನ್ನ ಕುಲಗೋತ್ರವನ್ನು ಬರೆದಿಟ್ಟುಕೊಂಡಿರುವ ಚಿಪ್ಪೂ ಅಳಿಸಿಹೋಗಬಹುದು. ಅದಕ್ಕೆ ಹೊಣೆ ಎದುರಿನವನು.

ನಾನು: ಎದುರಿನವನನ್ನು ಕೇಳಿದರೆ?

ತಂತ್ರಾಂಶ: ಅವನೂ ಇದನ್ನೇ ಹೇಳುವನು, ಆ ಒಂದು ವಿಷಯದಲ್ಲಿ ನಮಗೆ ಒಮ್ಮತವುಂಟು.

ನಾನು: ಇನ್ನು ತಮ್ಮ ಸುಧಾರಣೆಯ ವಿಷಯ. ಈ ಸಲ ಏನೇನು ಸುಧಾರಿಸಿತು?

ತಂತ್ರಾಂಶ: ಲಾಂಛನವು ಚೌಕವಾಗಿತ್ತು, ಅದರ ಮೂಲೆಗಳನ್ನು ದುಂಡಗೆ ಮಾಡಿದೆವು. ‘ಉಸಿರಾಟ’, ‘ಅಲೆ’, ‘ಧೂಮಕೇತು’ ಎಂಬ ವಿನ್ಯಾಸಗಳ ಜೊತೆಗೆ ಇನ್ನಷ್ಟು ಸೇರಿಸಿದೆವು. ‘ಆರಿಸು’ ಎಂಬ ಗುಂಡಿ ಮೊದಲ ಪುಟದಲ್ಲಿದ್ದು ಕಣ್ಣಿಗೆ ರಾಚುತ್ತಿತ್ತಾದ್ದರಿಂದ, ಅದನ್ನು ಮೂರನೆಯ ಪುಟದ ಒಳಗೆ ಗೌರವಪೂರ್ವಕವಾಗಿ ಸ್ಥಳಾಂತರಿಸಿದೆವು.

ನಾನು: ಆರಿಸುವ ಮಾತು ಬಂದಿತಾದ್ದರಿಂದ ಕೇಳುತ್ತೇನೆ. ಕಂಪ್ಯೂಟರನ್ನು ಸಂಪೂರ್ಣವಾಗಿ ಆರಿಸಿದ ಮೇಲೂ ಫ್ಯಾನುಗಳಲ್ಲಿ ಕಾಮನಬಿಲ್ಲು ಕುಣಿಯುತ್ತಿರುತ್ತದೆ. ಅದೇ ಕೋಣೆಯಲ್ಲಿ ಮಲಗುವ ನನ್ನ ತಂಗಿ ನಡುರಾತ್ರಿ ಎದ್ದು, “ಇದೇನು ಮನೇನೋ, ಕೋಟಿಲಿಂಗದ ಜಾತ್ರೇನೋ?” ಎಂದು ಗೊಣಗಿ, ಗಾಜಿನ ಮೇಲೆ ಒದ್ದೆ ಟವೆಲನ್ನು ಹೊದಿಸಿ ಹೋಗುತ್ತಾಳೆ.

ತಂತ್ರಾಂಶ: ಗೋಡೆಯ ಸ್ವಿಚ್ಚು ಹಾಕಿರುವವರೆಗೂ, ಯಂತ್ರ ನಿದ್ರಿಸುತ್ತಿದ್ದರೂ, ಪವರ್ ಸಪ್ಲೈ ಐದು ವೋಲ್ಟನ್ನು ಎಚ್ಚರವಾಗಿಟ್ಟಿರುತ್ತದೆ. ಅದನ್ನು ನಿಲ್ಲಿಸುವ ಆಯ್ಕೆ ಬಯೋಸ್‌ನಲ್ಲಿ ಇಆರ್‌ಪಿ ಎಂಬ ಹೆಸರಿನಿಂದ ಅಡಗಿದೆ. ಅದನ್ನು ಹೇಳಿಬಿಟ್ಟರೆ ಟವೆಲಿಗೆ ಕೆಲಸವಿಲ್ಲದಂತಾಗುವುದೆಂದು ಸುಮ್ಮನಿದ್ದೆ.

ನಾನು: ಈ ಊರಿನಲ್ಲಿ ಇನ್ನೊಂದು ಬಗೆಯ ದೀಪಗಳೂ ಇದ್ದುವು. ಚಾಂಪಿಯನ್ ರೀಫ್ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿದ್ವಾಂಸರೊಡಗೂಡಿ, ನಿಯಾನ್ ತುಂಬಿದ ಗಾಜಿನ ನಳಿಗೆಗಳನ್ನು ಸಾಲಾಗಿ ಜೋಡಿಸಿ ಕಾದು ಕುಳಿತಿದ್ದರು. ಕಣವೊಂದು ಹಾದುಹೋದರೆ ಅದು ಹಾದ ನಳಿಗೆಗಳು ಮಾತ್ರ ಮಿಂಚತಕ್ಕವು. ಭೂಮಿಯನ್ನೇ ಭೇದಿಸಿ ಬರುವ ನ್ಯೂಟ್ರಿನೊಗಳ ಸುಳಿವನ್ನು 1965ರಲ್ಲಿ ಅವರು ಅಲ್ಲಿ ಕಂಡರು. ಅಲ್ಲಿ ಒಂದು ನಳಿಗೆ ಬೆಳಗಿತೆಂದರೆ ಜಗತ್ತಿನ ವಿದ್ವಾಂಸರೆಲ್ಲ ಕಿವಿ ನಿಮಿರಿಸುತ್ತಿದ್ದರು. ತಮ್ಮ ಕೆಳಗಿನ ದೀಪ ಬೆಳಗಿದರೆ ನಾವು ತಿಳಿಯತಕ್ಕದ್ದೇನು?

ತಂತ್ರಾಂಶ: ಕರೆಂಟು ಇದೆಯೆಂದು.

ನಾನು: ಪ್ರೊಸೆಸರ್ ಕಾದಾಗ ಕೆಂಪಾಗಿಯೂ ತಣ್ಣಗಿದ್ದಾಗ ನೀಲಿಯಾಗಿಯೂ ಬೆಳಗಿ ಸಮಾಚಾರ ತಿಳಿಸುವ ಸಾಮರ್ಥ್ಯ ತಮ್ಮಲ್ಲಿದೆಯಷ್ಟೆ?

ತಂತ್ರಾಂಶ: ಇದೆ. ಆದರೆ ಅದರಿಂದ ಉಪಯೋಗವಾದೀತೆಂಬ ಭಯದಿಂದ ಯಾರೂ ಅದನ್ನು ಮುಂದೆ ತರುವುದಿಲ್ಲ.

ನಾನು: ನಿನ್ನೆ ಸಂಜೆ ಬಂಗಾರಪೇಟೆಯಲ್ಲಿ ಇಳಿದು ಪಾನಿಪೂರಿ ತಿಂದೆನು. ಅಲ್ಲಿಯ ಪಾನಿಗೆ ಬಣ್ಣವೇ ಇಲ್ಲ. ನೋಡಿದರೆ ನಲ್ಲಿಯ ನೀರೆನ್ನಬೇಕು, ಬಾಯಿಗೆ ಹಾಕಿದೊಡನೆ ಕಣ್ಣಲ್ಲಿ ನೀರು.

ತಂತ್ರಾಂಶ: ಬಣ್ಣವಿಲ್ಲದೆ ವ್ಯಾಪಾರವಾಗುತ್ತಿದೆಯೆ? ಪಾಪ. ಬಟ್ಟಲಿನ ಅಡಿಗೆ ಒಂದು ಹಸಿರು ಪಟ್ಟಿ ಅಂಟಿಸಿ, ‘ಉಸಿರಾಟ’ದಲ್ಲಿ ಇಟ್ಟರೆ ಚೆನ್ನಾಗಿರುತ್ತದೆ.

ನಾನು: ಆಡಮ್ ಹಾನ್ಸ್ ಎಂಬವರು ಆರಂಭಿಸಿದ ಓಪನ್‌ಆರ್‌ಜಿಬಿ ಎಂಬ ಮುಕ್ತ ತಂತ್ರಾಂಶದವರು, ತಂತಿಗಳಲ್ಲಿ ನೀವು ಪಿಸುಗುಡುವ ಗುಟ್ಟುಗಳನ್ನು ಕಿವಿಗೊಟ್ಟು ಕೇಳಿ ಕಲಿತು, ಹಲವು ಕಂಪನಿಗಳ ದೀಪಗಳನ್ನು ಒಂದೇ ಕಿಟಕಿಯಿಂದ ಆಳುತ್ತಿರುವರಲ್ಲ. ವಿಂಡೋಸ್ 11 ಕೂಡ 2023ರಿಂದ ‘ಡೈನಮಿಕ್ ಲೈಟಿಂಗ್’ ಎಂಬ ಹೆಸರಿನಲ್ಲಿ, ಲ್ಯಾಂಪ್‌ಅರೇ ಎಂಬ ಸಾಮಾನ್ಯ ಭಾಷೆಯನ್ನು ಆಡುವ ದೀಪಗಳನ್ನು ತಾನೇ ನೋಡಿಕೊಳ್ಳುತ್ತಿದೆ. ದೀಪವು ಒಮ್ಮೆ ಹೇಳಿದ ಬಣ್ಣವನ್ನು ತನ್ನೊಳಗೇ ನೆನಪಿಟ್ಟುಕೊಂಡು, ತಾವು ಹಿನ್ನೆಲೆಯಲ್ಲಿ ಹಗಲಿರುಳು ಕುಳಿತಿರದೆ ಎದ್ದುಹೋದರೆ, ಅದಲ್ಲವೆ ನಿಜವಾದ ಸುಧಾರಣೆ?

ತಂತ್ರಾಂಶ: ಕೆಲಸ ಮುಗಿದ ಮೇಲೆ ಎದ್ದುಹೋಗುವುದೆ! ಸ್ವಾಮಿ, ತಾವು ಯಾವ ಕಚೇರಿಯಲ್ಲಿ ಇದನ್ನು ನೋಡಿದಿರಿ? ನಾನು ಒಂದು ನೀಲಿಯನ್ನು ನೀಲಿಯಾಗಿ ಉಳಿಸಿಕೊಳ್ಳುವುದಕ್ಕೆ ಐದಾರು ಸೇವಕ ಪ್ರಕ್ರಿಯೆಗಳನ್ನು ಸಾಕುತ್ತಿದ್ದೇನೆ. ಅವಕ್ಕೂ ಸಂಸಾರವಿದೆ.

ನಾನು: ಈ ಊರಿನ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ನೂರು ವರ್ಷಕ್ಕೂ ಮೀರಿ ಚಿನ್ನವನ್ನು ಕೊಟ್ಟ ಸಂಸ್ಥೆಯೇ ಬಾಗಿಲು ಹಾಕಿಕೊಂಡಿತು. ಅದರ ಮಕ್ಕಳು ಈಗ ಮುಂಜಾವದ ರೈಲು ಹಿಡಿದು ಬೆಂಗಳೂರಿನಲ್ಲಿ ತಮ್ಮಂಥ ತಂತ್ರಾಂಶಗಳನ್ನು ಬರೆಯಲು ಹೋಗುತ್ತಾರೆ. ತಮಗೂ ನಿವೃತ್ತಿಯ ಕಾಲ ಬಂದಿತೆಂದು ಅನ್ನಿಸುವುದಿಲ್ಲವೆ?

ತಂತ್ರಾಂಶ: ಗಣಿಯಲ್ಲಿ ಚಿನ್ನ ಮುಗಿಯುತ್ತ ಬಂದಿತು, ಆದ್ದರಿಂದ ಮುಚ್ಚಿತು. ನನ್ನಲ್ಲಿ ಮುಗಿಯುವಂಥದು ಏನಿದೆ? ಮೌಸು ಆಯಿತು, ಮೌಸಿನ ಕೆಳಗಿನ ಚಾಪೆ ಆಯಿತು, ಈಗ ಕೂರುವ ಕುರ್ಚಿಗೂ ದೀಪ ಬಂದಿದೆ.

ನಾನು: ಹುಡುಗನು ಬೇಸತ್ತು ತಮ್ಮನ್ನು ಅನ್‌ಇನ್‌ಸ್ಟಾಲ್ ಮಾಡಿದರೆ?

ತಂತ್ರಾಂಶ: ಹೋದ ತಿಂಗಳು ಮಾಡಿದನು. ಮರುದಿನ ಯಂತ್ರವನ್ನು ಹಚ್ಚಿದೊಡನೆ, “ನನ್ನನ್ನು ಹಾಕಿಕೊಳ್ಳುತ್ತೀಯಾ?” ಎಂದು ಮದರ್‌ಬೋರ್ಡಿನಿಂದಲೇ ವಿಚಾರಿಸಿದೆನು. ಬೇರುಸಹಿತ ಕೀಳಬೇಕೆಂದರೆ ಅದಕ್ಕೆಂದೇ ಕಂಪನಿಯವರು ಬೇರೊಂದು ತಂತ್ರಾಂಶವನ್ನು ಕೊಟ್ಟಿರುವರು. ಅದನ್ನು ಮೊದಲು ಇಳಿಸಿಕೊಳ್ಳಬೇಕು.

ನಾನು: ಕೆಲಸವಾದ ಮೇಲೆ ಅದನ್ನು ತೆಗೆಯುವ ಬಗೆ?

ತಂತ್ರಾಂಶ: ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸಲಾಗುವುದು.