ಕಿವಿಯಲ್ಲಿ ತಮಟೆ, ಕಾಲಲ್ಲಿ ಬಲ

ಬೆಳಿಗ್ಗೆ ಲಾಲ್‌ಬಾಗಿಗೆ ಹೋಗಿ ನೋಡಿ, ಯಾರ ಕಿವಿಯಲ್ಲಿ ಏನು ಓಡುತ್ತಿದೆ ಅನ್ನೋದನ್ನು ಅವರ ಕಾಲೇ ಹೇಳಿಬಿಡುತ್ತದೆ. ತಮಟೆಯವರು ಬಂಡೆಯನ್ನು ದಡದಡ ಹತ್ತುತ್ತಾರೆ. ವಿರಹಗೀತೆಯವನು ಕೆರೆ ದಂಡೆಯಲ್ಲಿ ನಿಂತೇಬಿಟ್ಟಿರುತ್ತಾನೆ. ಇಯರ್‌ಫೋನೆಂಬ ಸ್ವಾರ್ಥಕ್ಕೆ ಒಗ್ಗದ ಹಿರಿಯರು ಅಂಗಿಜೇಬಿನ ಫೋನಿನಿಂದ ಊರಿಗೆಲ್ಲ ಸುಪ್ರಭಾತ ಹಂಚುತ್ತಾ ನಡೆಯುತ್ತಾರೆ.

ಇದು ಬರೀ ನನ್ನ ತಲೆಹರಟೆಯಲ್ಲ. ಲಿಯೊನಾರ್ಡ್ ಏರ್ಸ್ ಎಂಬಾತ ನ್ಯೂಯಾರ್ಕಿನ ಆರು ದಿನಗಳ ಸೈಕಲ್ ರೇಸ್ ಗಮನಿಸಿ, ಬ್ಯಾಂಡು ಬಾರಿಸುವಾಗ ಸವಾರರು ಜೋರಾಗಿ ತುಳಿಯುತ್ತಾರೆ ಎಂದು 1911ರಲ್ಲೇ ಬರೆದಿದ್ದ. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ಟಾಸ್ ಕರಾಜಾರ್ಜಿಸ್ ಇದನ್ನೇ ವರ್ಷಗಟ್ಟಲೆ ಅಳೆದರು. ವ್ಯಾಯಾಮಕ್ಕೆ ನಿಮಿಷಕ್ಕೆ ಸುಮಾರು 120ರಿಂದ 140 ಬಡಿತದ ಹಾಡು ಒಗ್ಗುತ್ತದಂತೆ. ಹಿಂದೂಸ್ತಾನಿಯ ವಿಲಂಬಿತ ಖಯಾಲಿಗೆ ಓಡಲು ಹೊರಟರೆ ತಾಳದ ಮುಂದಿನ ಸಮ್ ಬರುವಷ್ಟರಲ್ಲಿ ಟ್ರೆಡ್‌ಮಿಲ್ ನಮ್ಮನ್ನು ಹಿಂದಕ್ಕೆ ಎಸೆದಿರುತ್ತದೆ!

ಮರ್ಮ ಇಷ್ಟೆ: ಮನಸ್ಸಿನ ಗಮನಕ್ಕೆ ಮಿತಿಯುಂಟು. ಹಾಡು ಒಳಗೆ ಜಾಗ ಹಿಡಿದರೆ ಮೊಣಕಾಲಿನ ಅಹವಾಲು ಬಾಗಿಲಲ್ಲೇ ಕಾಯಬೇಕು. ಆದರೆ ಏದುಸಿರು ಬರುವಷ್ಟು ಓಡಿದಿರೋ, ದೇಹವೇ ಗಂಟಲು ಹರಿದುಕೊಳ್ಳತೊಡಗುತ್ತದೆ. ಆಗ ಯಾವ ಹಾಡೂ ಆಯಾಸ ಮರೆಸಲಾರದು. ಹುರುಪು ಮಾತ್ರ ಅಷ್ಟಿಷ್ಟು ಉಳಿದೀತು.

ಬಿಟ್ಟಿ ಆ್ಯಪಿನಲ್ಲಿ ಹಾಡು ಕೇಳುವವರ ಪಾಡೇ ಬೇರೆ. ಹಾಡು ರಂಗೇರಿ, ಹೆಜ್ಜೆ ತಾಳಕ್ಕೆ ಕೂತು, ಮನಸ್ಸು ಹಗುರಾಯಿತು ಅನ್ನುವಷ್ಟರಲ್ಲಿ ಇಂಪಾದ ದನಿಯೊಂದು ಗೃಹಸಾಲದ ಬಡ್ಡಿದರ ಹೇಳತೊಡಗುತ್ತದೆ. ಎದೆಬಡಿತವೇನೋ ಸರ್ರನೆ ಏರುತ್ತದೆ. ಅದನ್ನು ವ್ಯಾಯಾಮದ ಖಾತೆಗೆ ಜಮಾ ಮಾಡುವುದೋ ಬೇಡವೋ ಎಂದು ಕೈಗಡಿಯಾರವೇ ತೀರ್ಮಾನಿಸಬೇಕು.