ರಜೆಗೆ ಬಂದ ಮನಃಶಾಸ್ತ್ರಜ್ಞರಿಗೆ ಗುಂಜೋಟಿಯ ಕಟ್ಟೆಯಿಂದ ಒಂದು ಬಹಿರಂಗ ಪತ್ರ

ಲಾತೂರು, ಸೋಲಾಪುರ, ಕಲಬುರಗಿ, ಪುಣೆಯ ಕಾಲೇಜುಗಳಲ್ಲಿ ಬಿ.ಎ. ಮೊದಲ ವರ್ಷದ ಮನಃಶಾಸ್ತ್ರ ಓದುತ್ತ, ಸದ್ಯ ದೀಪಾವಳಿ ರಜೆಗೆಂದು ಗುಂಜೋಟಿಗೆ ದಯಮಾಡಿಸಿರುವ ವಿದ್ವಾಂಸರಿಗೆ,



ಮೊದಲು ಅಭಿನಂದನೆ ಹೇಳಿಬಿಡುತ್ತೇವೆ. ಧಾರಾಶಿವ ಜಿಲ್ಲೆ, ಉಮರ್ಗಾ ತಾಲೂಕಿನ ಈ ಊರಲ್ಲಿ ಇಲ್ಲಿಯತನಕ ಬರೀ ಮನುಷ್ಯರಿದ್ದರು. ಒಬ್ಬ ಸಿಟ್ಟಿನವ, ಒಬ್ಬ ಜಿಪುಣ, ಒಬ್ಬ ಬಾಯಿಬಡುಕ. ನೀವು ಎಸ್.ಟಿ. ಬಸ್ ಇಳಿದು ಕೈಕಾಲು ತೊಳೆಯುವುದರೊಳಗೆ ಎಲ್ಲರೂ ಕೇಸುಗಳಾಗಿಬಿಟ್ಟರು. ಸೋಯಾಬೀನ್ ಸಿಕ್ಕ ರೇಟಿಗೆ ಕೊಟ್ಟು ಬಂದ ರೈತ, 'ಇರ್ಲಿ ಬಿಡು, ಮನ್ಯಾಗ ಇಟ್ಟಿದ್ರ ಹುಳ ಹತ್ತತಿತ್ತು' ಅಂದರೆ ಅದು ರ‍್ಯಾಷನಲೈಸೇಶನ್. ಅಡತಿ ಅಂಗಡಿಯಲ್ಲಿ ತೂಕದ ಬಗ್ಗೆ ಉಸಿರೆತ್ತದೆ ಬಂದವ ಮನೆಯಲ್ಲಿ ಉಪ್ಪು ಕಡಿಮೆಯಾಯಿತೆಂದು ತಾಟು ದೂಡಿದರೆ ಡಿಸ್‌ಪ್ಲೇಸ್‌ಮೆಂಟ್. ತಾನೇ ಬದು ಒತ್ತಿ ಬಿತ್ತಿದವ ಮಗ್ಗುಲ ಹೊಲದವನನ್ನು ಕಳ್ಳ ಎಂದರೆ ಪ್ರೊಜೆಕ್ಷನ್. ಆಸ್ತಿ ಪಾಲಿನ ಮಾತು ಎತ್ತಿದ ಕೂಡಲೇ ಮುದುಕ ಕಂಬಳಿ ಹೊದ್ದು 'ಯವ್ವಾ' ಎಂದು ನರಳಿದರೆ ರಿಗ್ರೆಶನ್. ರಕ್ಷಣಾ ತಂತ್ರಗಳ ಒಂದೇ ಅಧ್ಯಾಯ ಓದಿ ಇಷ್ಟು ಜನರ ಗುಟ್ಟು ಬಯಲಿಗೆ ಎಳೆಯುವ ಸಾಮರ್ಥ್ಯ ನಿಜಾಮನ ಪೊಲೀಸರಿಗೂ ಇರಲಿಲ್ಲ.

ಆದರೆ ಒಂದು ಸಣ್ಣ ಅನುಮಾನ. ನಿಮ್ಮ ಪಟ್ಟಿಯಲ್ಲಿ ಇಡೀ ಊರಿದೆ, ನಿಮ್ಮ ಪೈಕಿ ಒಬ್ಬರ ಹೆಸರೂ ಇಲ್ಲ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗ 'ಪೇಪರ್ ತಿದ್ದಿದವರೇ ಸರಿ ಇಲ್ಲ' ಎಂದವರು ಯಾರು? ಹಾಸ್ಟೆಲಿನಲ್ಲಿ ಮನೆಯ ನೆನಪಾಗಿ ಅತ್ತವರು ಊರಿಗೆ ಬಂದು 'ಈ ಹಳ್ಯಾಗ ಹ್ಯಾಂಗ ಇರ್ತೀರಿ' ಎಂದು ಮೂಗು ಮುರಿದದ್ದಕ್ಕೆ ಯಾವ ಹೆಸರು? ಕೇಳಿದರೆ ಸಿಟ್ಟು ಬರುತ್ತದೆ, ಬಿಡಿ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಇದು ಹಿರಿಯರ ಆಸ್ತಿ. ಕುಣಿಯಲಾರದವಳು ನೆಲ ಡೊಂಕು ಅಂದಳೆಂದು ನಾವು ತಲೆಮಾರುಗಳಿಂದ ಹೇಳುತ್ತ ಬಂದಿದ್ದೇವೆ. ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ ಎಂದೂ ಹೇಳುತ್ತೇವೆ. ಇಂದಿನವರೆಗೆ ಯಾರಾದರೂ 'ನನಗೇ ಕುಣಿಯಲು ಬರುವುದಿಲ್ಲ' ಎಂದು ಈ ಗಾದೆ ಬಳಸಿದ್ದು ಕೇಳಿದ್ದೀರಾ? ಗಾದೆಯಾಗಲಿ, ನಿಮ್ಮ ಅಧ್ಯಾಯವಾಗಲಿ, ಯಾವತ್ತೂ ನೆರೆಮನೆಯವರಿಗಾಗಿಯೇ ಬರೆದದ್ದು.

ಆ ಅಧ್ಯಾಯದ ಹಿಂದಿರುವ ಹೆಣ್ಣುಮಗಳು ಮಾತ್ರ ಹಾಗೆ ಬರೆದಿರಲಿಲ್ಲ. ರಕ್ಷಣಾ ತಂತ್ರದ ಮಾತನ್ನು ಮೊದಲು ಎತ್ತಿದವರು 1894ರಲ್ಲಿ ಸಿಗ್ಮಂಡ್ ಫ್ರಾಯ್ಡ್. ಚೆದುರಿದ್ದ ಆ ವಿಚಾರಗಳನ್ನು ಒಟ್ಟುಮಾಡಿ ಪುಸ್ತಕ ಮಾಡಿದವರು ಮಗಳು ಆನಾ. 1936ರಲ್ಲಿ ಅಪ್ಪನ 80ನೇ ಹುಟ್ಟುಹಬ್ಬಕ್ಕೆ ಅದು ಅವರ ಉಡುಗೊರೆ. ಆಕೆ ಹೇಳಿದ್ದು ಇಷ್ಟು: ಒಳಗಿನ ಆಸೆ, ಹೊರಗಿನ ಜಗತ್ತು, ತಲೆ ಮೇಲೆ ಕೂತ ನೀತಿ, ಮೂರೂ ಕಡೆಯಿಂದ ಏಟು ಬೀಳುವಾಗ 'ನಾನು' ಎಂಬುದು ಕುಸಿಯದೆ ನಿಲ್ಲಲು ಮಾಡುವ ಉಪಾಯಗಳಿವು. ಉಪಾಯ ನೋಡಿದಾಗ ಅದರ ಹಿಂದಿನ ಏಟು ಯಾವುದೆಂದು ಕೇಳಬೇಕು. ನೀವು ಉಪಾಯವನ್ನು ಹಿಡಿದಿರಿ, ಏಟನ್ನು ಸಿಲಬಸ್ಸಿನ ಹೊರಗೆ ಬಿಟ್ಟಿರಿ.

ಆ ಮನೆಯವರೂ ಈ ಉಪಾಯಗಳಿಂದ ಹೊರತಾಗಿರಲಿಲ್ಲ. 1923ರಲ್ಲಿ ಫ್ರಾಯ್ಡ್‌ಗೆ ದವಡೆಯ ಕ್ಯಾನ್ಸರ್ ಬಂತು. ಮೂವತ್ತಕ್ಕೂ ಹೆಚ್ಚು ಬಾರಿ ಕೊಯ್ಯಿಸಿಕೊಂಡರು, ಸಿಗಾರ್ ಬಿಡಲಿಲ್ಲ. ಹಿಟ್ಲರ್‌ನ ನೆರಳು ವಿಯೆನ್ನಾದ ಮೇಲೆ ಬೀಳುತ್ತಿದ್ದಾಗ ಊರು ಬಿಡಿ ಎಂದು ಸ್ನೇಹಿತರು ಬೇಡಿಕೊಂಡರೂ ಕದಲಲಿಲ್ಲ. 1938ರ ಮಾರ್ಚಿನಲ್ಲಿ ಗೆಸ್ಟಾಪೋ ಆನಾಳನ್ನು ವಿಚಾರಣೆಗೆ ಕರೆದೊಯ್ದ ಮೇಲೆ, ಜೂನ್‌ನಲ್ಲಿ ಲಂಡನ್ನಿಗೆ ಹೊರಟರು. ಇನ್ನು ನಮ್ಮ ಕಟ್ಟೆಯಲ್ಲಿ ಅಂಗೈಮೇಲೆ ತಂಬಾಕು-ಸುಣ್ಣ ತಿಕ್ಕುತ್ತ, 'ನಮ್ಮ ಮುತ್ಯಾ ತೊಂಬತ್ತು ವರ್ಷ ಇದನ್ನೇ ತಿಂದ' ಎನ್ನುವ ಕಾಕಾನನ್ನು ನೀವು ಡಿನಾಯಲ್ ಕೇಸ್ ಎಂದು ಬರೆದುಕೊಂಡಿರಲ್ಲ, ಅಡಿಯಲ್ಲಿ 'ಹೆಚ್ಚಿನ ವಿವರಕ್ಕೆ ಫ್ರಾಯ್ಡ್‌ರನ್ನು ನೋಡಿ' ಎಂದು ಸೇರಿಸಿಕೊಳ್ಳಿ. ಕಾಕಾನಿಗೂ ಗೌರವ, ನಿಮಗೂ ಅಂಕ.

ಈಗ ನಿಮ್ಮ ಎರಡನೇ ಅಧ್ಯಾಯ, ವ್ಯಕ್ತಿತ್ವದ ಗುಣಗಳು. ಅದೇ 1936ರಲ್ಲಿ ಅಮೆರಿಕದ ಗಾರ್ಡನ್ ಆಲ್ಪೋರ್ಟ್ ಮತ್ತು ಓಡ್ಬರ್ಟ್ ಇಂಗ್ಲಿಷ್ ನಿಘಂಟನ್ನು ಮುಂದಿಟ್ಟುಕೊಂಡು ಮನುಷ್ಯರನ್ನು ಬಣ್ಣಿಸುವ 17,953 ಪದಗಳನ್ನು ಹೆಕ್ಕಿದರು. ರೇಮಂಡ್ ಕ್ಯಾಟೆಲ್ ಅದನ್ನು ಕುದಿಸಿ 16 ಗುಣಗಳಿಗೆ ಇಳಿಸಿದರು. ಮುಂದಿನವರು ಇನ್ನೂ ಕುದಿಸಿ 5ಕ್ಕೆ ತಂದರು. ಆ ಐದನ್ನು ನೀವು ಮೊಬೈಲಿನಲ್ಲಿ ತುಂಬಿಕೊಂಡು ಬಂದು ಕಟ್ಟೆಯ ಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಅಳೆದಿರಿ. 'ಮಾಮಾ, ನೀವು ಪಾರ್ಟಿಗಿ ಜೀವ ತುಂಬೋ ಮನುಷ್ಯಾ ಹೌದೋ ಅಲ್ಲೋ, ಒಂದರಿಂದ ಐದರಾಗ ಹೇಳ್ರಿ' ಎಂದು ನಿಮ್ಮಲ್ಲೊಬ್ಬಳು ಕೇಳಿದಾಗ, ಮಾಮಾ ಗಡ್ಡ ಕೆರೆದುಕೊಂಡು ಹೇಳಿದ್ದು ಊರಿಗೆಲ್ಲ ಗೊತ್ತು: 'ನಮ್ಮ ಪಾರ್ಟಿನೇ ಒಡದು ಎರಡ ಆಗ್ಯಾದ, ಯಾವುದಕ್ಕ ಜೀವ ತುಂಬ್ಲಿ ಮಗಳಾ?' ಆಕೆ ಮೂರು ಎಂದು ಒತ್ತಿದಳು. ಮಾಮಾ ಈಗ ವಿಜ್ಞಾನದ ಪ್ರಕಾರ ಮಧ್ಯಮ.

ಅದೇ ಮಾಮಾನನ್ನು ಉಮರ್ಗಾದ ತಹಸೀಲು ಕಚೇರಿಯಲ್ಲಿ ನೋಡಬೇಕು. ಹೊಲದ ಸಾತ್‌ಬಾರಾ ಉತಾರೆಗೆ ನಿಂತಾಗ ಟೋಪಿ ಕೈಗೆ ಬಂದಿರುತ್ತದೆ, ಬಾಯಿಂದ ಮೂರಕ್ಕಿಂತ ಹೆಚ್ಚು ಶಬ್ದ ಹೊರಡುವುದಿಲ್ಲ, ಅವೂ ಸಾಹೇಬರ ಮುಖ ನೋಡಿ ಜೋಡಿಸಿದ ಮರಾಠಿ. ಸಂಜೆ ಕಟ್ಟೆಗೆ ಬಂದು ಕೂತನೆಂದರೆ ಕನ್ನಡದಲ್ಲಿ ಅದೇ ಸಾಹೇಬರ ನಡಿಗೆ, ಕೆಮ್ಮು, ಸಹಿ ಮಾಡುವ ಠೀವಿ ಎಲ್ಲವನ್ನೂ ಆಡಿ ತೋರಿಸಿ ಹತ್ತು ಜನರ ಹೊಟ್ಟೆ ಹುಣ್ಣಾಗಿಸುತ್ತಾನೆ. ಇವನು ಅಂತರ್ಮುಖಿಯೋ ಬಹಿರ್ಮುಖಿಯೋ? ನಮ್ಮ ಹಿರಿಯರು ಮನೆ ಬದಲಿಸದೆ ಮೂರು ರಾಜ್ಯ ಕಂಡವರು. 1956ರ ನವೆಂಬರ್ 1ರ ತನಕ ಹೈದರಾಬಾದ್, ಆಮೇಲೆ ಮುಂಬೈ, 1960ರ ಮೇ 1ರಿಂದ ಮಹಾರಾಷ್ಟ್ರ. ಆಚೆಯ ನಿಲಂಗಾ, ಉದಗೀರಿನವರಂತೂ ಬೀದರ ಜಿಲ್ಲೆಯವರಾಗಿ ಮಲಗಿ, ಈಗ ಧಾರಾಶಿವ ಎನ್ನುವ ಆಗಿನ ಉಸ್ಮಾನಾಬಾದ್ ಜಿಲ್ಲೆಯವರಾಗಿ ಎದ್ದರು. ಸರ್ಕಾರದ ಕಾಗದ ಮೊದಲು ಉರ್ದು, ಆಮೇಲೆ ಮರಾಠಿ. ಮನೆಯೊಳಗಿನ ಜಗಳ ಮಾತ್ರ ಕನ್ನಡದಲ್ಲೇ ಉಳಿಯಿತು. ಇಂಥಲ್ಲಿ ಎಲ್ಲಿ ಬಾಯಿ ಬಿಡಬೇಕು, ಎಲ್ಲಿ ಮುಚ್ಚಬೇಕು ಎಂಬುದು ಗುಣವಲ್ಲ, ಮೂರು ತಲೆಮಾರಿನ ಅನುಭವ.

ನಿಮ್ಮ ಶಾಸ್ತ್ರದವರೇ ಇದನ್ನು ಒಪ್ಪಿದ್ದಾರೆ. ವಾಲ್ಟರ್ ಮಿಷೆಲ್ 1968ರಲ್ಲೇ ಹೇಳಿದರು, ಗುಣದ ಅಂಕ ನೋಡಿ ಒಂದು ನಿರ್ದಿಷ್ಟ ಗಳಿಗೆಯಲ್ಲಿ ಮನುಷ್ಯ ಹೇಗೆ ನಡೆದಾನೆಂದು ಹೇಳಹೊರಟರೆ ಕೈಗೆ ಸಿಗುವುದು ಅಲ್ಪ ಎಂದು. ಗುಣವೇ ಇಲ್ಲವೆಂದಲ್ಲ. ಬಹಳ ದಿನದ ನಡವಳಿಕೆಯ ಸರಾಸರಿ ತೆಗೆದರೆ ಆ ಐದು ಗುಣಗಳೂ ಗಟ್ಟಿ ನಿಲ್ಲುತ್ತವೆ. ಮಿಷೆಲ್ ಕೂಡ ಮುಂದೆ, ಇಂಥ ಜಾಗದಲ್ಲಿ ಹೀಗೆ, ಅಂಥ ಜಾಗದಲ್ಲಿ ಹಾಗೆ ಎಂಬ ವಿನ್ಯಾಸವೇ ಮನುಷ್ಯನ ಸಹಿ ಎಂದರು. ಅಂದರೆ ಮಾಮಾನ ವ್ಯಕ್ತಿತ್ವ ತಿಳಿಯಲು ತಹಸೀಲು ಕಚೇರಿಗೂ ಹೋಗಬೇಕು, ಕಟ್ಟೆಗೂ ಬರಬೇಕು. ಅದು ಮೊಬೈಲಿನಲ್ಲಿ ಮುಗಿಯುವ ಕೆಲಸವಲ್ಲ.

ನಿಮ್ಮ ಮೊಬೈಲ್ ಕೊಟ್ಟ ವರದಿ ಓದಿದಾಗ 'ಅರೇ, ಬರೋಬ್ಬರಿ ನನ್ನ ಬಗ್ಗೇನೇ ಬರದಾರ' ಎಂದು ನಮ್ಮವರು ತಲೆದೂಗಿದ್ದಕ್ಕೆ ಹಿಗ್ಗಬೇಡಿ. ಬರ್ಟ್ರಮ್ ಫೋರರ್ ಎಂಬ ಮೇಷ್ಟ್ರು 1948ರಲ್ಲಿ ತಮ್ಮ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಮಾಡಿ, ಪ್ರತಿಯೊಬ್ಬರ ಕೈಗೂ ಅವರವರ ವ್ಯಕ್ತಿತ್ವದ ವರದಿ ಕೊಟ್ಟರು. ಎಷ್ಟು ಸರಿಯಾಗಿದೆ ಎಂದು ಕೇಳಿದರೆ 5ಕ್ಕೆ ಸರಾಸರಿ 4.26 ಅಂಕ ಬಂತು. ಎಲ್ಲರಿಗೂ ಕೊಟ್ಟದ್ದು ಒಂದೇ ವರದಿ, ಅದರ ಸಾಲುಗಳು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದವು. ನಮ್ಮ ಬುಡಬುಡಿಕೆಯವನೂ ಬೆಳಗಿನ ಜಾವ ಬಂದು, 'ಮನಸ್ಸು ಬೆಣ್ಣಿ, ಕೈಯಾಗ ರೊಕ್ಕ ನಿಂದ್ರೂದಿಲ್ಲ, ನಂಬಿದವರು ಕೈ ಕೊಟ್ಟಾರ' ಎನ್ನುತ್ತಾನೆ. ಊರಿಗೆ ಊರೇ ಹೌದೆನ್ನುತ್ತದೆ. ಅವನ ಫೀ ಒಂದು ಸೇರು ಜೋಳ. ನಿಮ್ಮ ಕಾಲೇಜಿನದು ಎಷ್ಟೆಂದು ನಿಮ್ಮ ಅಪ್ಪಂದಿರಿಗೆ ಗೊತ್ತು.

ಇನ್ನು ಡಿನಾಯಲ್, ಅಂದರೆ ನಿರಾಕರಣೆ. ಈ ಪದವನ್ನು ನೀವು ಈ ಸೀಮೆಯಲ್ಲಿ ಬಳಸುವಾಗ ತುಸು ತಗ್ಗಿದ ದನಿಯಲ್ಲಿ ಬಳಸಿ. 1992ರಲ್ಲಿ ಹತ್ತಿರದ ಕಿಲ್ಲಾರಿ ಸುತ್ತ ತಿಂಗಳುಗಟ್ಟಲೆ ನೆಲ ಅದುರಿತು. ಹೊರಗೆ ಓಡಿದವರು ಅದುರುವುದು ನಿಂತ ಮೇಲೆ ಒಳಗೆ ಬಂದರು. 1993ರ ಸೆಪ್ಟೆಂಬರ್ 30, ಅನಂತ ಚತುರ್ದಶಿಯ ಗಣಪತಿ ಬಿಟ್ಟು ಬಂದು ಜನ ಮಲಗಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಇನ್ನೇನು ಕೆಲವು ನಿಮಿಷಗಳಿದ್ದಾಗ ನೆಲ ಕುಲುಕಿತು. ಲಾತೂರು, ಉಸ್ಮಾನಾಬಾದ್ ಎರಡೂ ಜಿಲ್ಲೆಗಳಲ್ಲಿ, ಆಗ ನಮ್ಮ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರಿನಂಥ ಹಳ್ಳಿಗಳೂ ಸೇರಿ, ಸತ್ತವರ ಸಂಖ್ಯೆ 10 ಸಾವಿರದ ಹತ್ತಿರಕ್ಕೆ ಹೋಯಿತು. ಕೊಂದದ್ದು ಬಹುಪಾಲು ಮನೆಗಳೇ. ಮಣ್ಣಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆ, ಬಿಸಿಲು ಇಳಿಯದಿರಲೆಂದು ವರ್ಷ ವರ್ಷ ಮಣ್ಣು ಹೊರಿಸಿದ ಮಾಳಿಗೆ.

ಮುನ್ಸೂಚನೆ ಇದ್ದೂ ಒಳಗೆ ಮಲಗಿದರಲ್ಲ, ಅದು ನಿರಾಕರಣೆ ಎಂದು ಉತ್ತರ ಪತ್ರಿಕೆಯಲ್ಲಿ ಬರೆದರೆ ಅಂಕ ಸಿಗಬಹುದು. ಆದರೆ ಇದನ್ನೂ ಸೇರಿಸಿ ಬರೆಯಿರಿ. ಆಗಿನ ದೇಶದ ಭೂಕಂಪ ನಕ್ಷೆಯಲ್ಲಿ ಈ ಪ್ರದೇಶ ವಲಯ 1ರಲ್ಲಿತ್ತು, ಅಂದರೆ ಅಪಾಯ ಅತಿ ಕಡಿಮೆ ಎಂಬ ವಲಯ. ದಖನ್ನಿನ ಈ ಕಲ್ಲುನೆಲ ಅಲುಗುವಂಥದ್ದಲ್ಲ ಎಂದು ಪಂಡಿತರೇ ನಂಬಿದ್ದರು. 2002ರಲ್ಲಿ ನಕ್ಷೆ ಪರಿಷ್ಕರಿಸಿದಾಗ ವಲಯ 1 ಎಂಬುದನ್ನೇ ತೆಗೆದುಹಾಕಿದರು. ಹೋಗಲು ಬೇರೆ ಸೂರಿಲ್ಲದವ, ಮಳೆಗಾಲದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಯಲಲ್ಲಿ ಮಲಗಲಾರದವ, 'ಏನೂ ಆಗೋದಿಲ್ಲ' ಎಂದುಕೊಂಡು ಕಣ್ಣು ಮುಚ್ಚಿದರೆ ಅವನಿಗೆ ನಿಮ್ಮ ಹತ್ತಿರ ಪದವಿದೆ. ನಕ್ಷೆ ಕಣ್ಣು ಮುಚ್ಚಿದ್ದಕ್ಕೆ ಯಾವ ಪದವೂ ಇಲ್ಲ. ನಿಮ್ಮ ಅಧ್ಯಾಯದ ಕೇಸುಗಳು ಯಾವಾಗಲೂ ಸಾತ್‌ಬಾರಾಕ್ಕೆ ಕ್ಯೂ ನಿಂತವರೇ, ಕೌಂಟರಿನ ಆಚೆಗಿನವರು ಯಾಕೆ ಆಗುವುದಿಲ್ಲ?

ಹಾಗೆಂದು ಎಲ್ಲ ಉಪಾಯವೂ ಒಳ್ಳೆಯದೆಂದು ನಾವು ವಾದಿಸುವುದಿಲ್ಲ. ಹಾರ್ವರ್ಡಿನಲ್ಲಿ 1938ರಿಂದ ಒಂದೇ ಗುಂಪಿನ ಗಂಡಸರ ಬದುಕನ್ನು ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನವಿದೆ. ಅದರ ಆಧಾರದಲ್ಲಿ ಜಾರ್ಜ್ ವೇಲಂಟ್ ರಕ್ಷಣಾ ತಂತ್ರಗಳಿಗೆ ನಾಲ್ಕು ಮೆಟ್ಟಿಲು ಮಾಡಿದರು. ಕೆಳಗೆ ಕಣ್ಣೆದುರಿನ ಲೋಕವನ್ನೇ ಇಲ್ಲವೆನ್ನುವ ನಿರಾಕರಣೆ. ಮೇಲೆ ಪರೋಪಕಾರ, ಮುಂದಾಲೋಚನೆ, ನೋವನ್ನು ಸದ್ಯಕ್ಕೆ ಬದಿಗಿಡುವ ಸಂಯಮ, ಹಾಸ್ಯ. ನಮ್ಮೂರಲ್ಲೂ ಎರಡು ಬಗೆಯ 'ಏನಿಲ್ಲ' ಇದೆ. ಮಳೆ ಕೈ ಕೊಟ್ಟ ವರ್ಷ ಒಬ್ಬ, 'ಏನಿಲ್ಲ ಬಿಡ್ರಿ, ತೊಗರಿ ಕೈ ಹಿಡಿತದ' ಎಂದು ಮರುದಿನ ಹೊಲಕ್ಕೆ ಹೋಗುತ್ತಾನೆ. ಅದು ಅವನಿಗೆ ಊರುಗೋಲು, ಕಿತ್ತುಕೊಳ್ಳಬೇಡಿ. ಇನ್ನೊಬ್ಬ 'ಏನಿಲ್ಲ, ಎಲ್ಲಾ ಬರೋಬರಿ ಅದ' ಎನ್ನುತ್ತ ಕಟ್ಟೆಗೆ ಬರುವುದು ಬಿಡುತ್ತಾನೆ, ಊಟ ಬಿಡುತ್ತಾನೆ, ಎಲ್ಲರ ಬಾಕಿ ಒಮ್ಮೆಗೇ ತೀರಿಸಲು ಹೊರಡುತ್ತಾನೆ. ಮರಾಠವಾಡದಲ್ಲಿ ಇಂಥ 'ಏನಿಲ್ಲ' ಎಲ್ಲಿಗೆ ಮುಟ್ಟುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಎರಡಕ್ಕೂ ನಿಮ್ಮ ಪುಸ್ತಕದಲ್ಲಿ ಹೆಸರು ಒಂದೇ. ಬೇರೆ ಮಾಡಿ ತಿಳಿಯಬೇಕಾದರೆ ಪಕ್ಕದಲ್ಲಿ ಕೂಡಬೇಕು.

ಕನ್ನಡದಲ್ಲಿ ಈ ಶಾಸ್ತ್ರ ಹೀಗೆ ಪಕ್ಕದಲ್ಲಿ ಕೂತೇ ಬೆಳೆದದ್ದು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿ, 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ನಡೆಸಿ ಜನರ ಕಿವಿಗೆ ಮಾತು ಮುಟ್ಟಿಸಿದರು. ಆಕಾಶವಾಣಿ ಎಂಬ ಹೆಸರು ಅಲ್ಲಿಯದು. 'ಕೊರವಂಜಿ' ಪತ್ರಿಕೆ ನಡೆಸಿ ಕನ್ನಡಿಗರನ್ನು ನಗಿಸಿದ ಡಾಕ್ಟರ್ ಎಂ. ಶಿವರಾಂ ಮನೋರೋಗಗಳ ಬಗ್ಗೆ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೇ ಮನೋಚಿಕಿತ್ಸೆ ಕಲಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇವರಲ್ಲಿ ಯಾರೂ ಊರಿಗೆ ಬಂದು ಹೆಸರಿಟ್ಟು ಬಸ್ ಹತ್ತಿದವರಲ್ಲ.

ಆದ್ದರಿಂದ ಕಟ್ಟೆಯ ನಮ್ರ ವಿನಂತಿ ಮೂರು. ಒಂದು, ಯಾರಿಗಾದರೂ ಹೆಸರು ಇಡುವ ಮುಂಚೆ ಅವರು ಯಾವ ಏಟನ್ನು ತಡೆಯುತ್ತಿದ್ದಾರೆಂದು ಕೇಳಿ. ಕೇಳಲು ಪುರುಸೊತ್ತಿಲ್ಲದಿದ್ದರೆ ಹೆಸರೂ ಬೇಡ. ಎರಡು, ಎಲ್ಲರ ಮೊಬೈಲಿನಲ್ಲೂ 14416 ಎಂದು ಬರೆದು ಕೊಡಿ. ಟೆಲಿ ಮಾನಸ್ ಎಂಬ ಆ ಸರ್ಕಾರಿ ಸಹಾಯವಾಣಿ 2022ರಿಂದ ಇದೆ, ನಮ್ಮ ಕಟ್ಟೆಯವರಿಗೆ ಗೊತ್ತಿಲ್ಲ. ಡಿಸ್‌ಪ್ಲೇಸ್‌ಮೆಂಟ್ ಎಂಬ ಪದ ಬಾಯಿಪಾಠ ಮಾಡಿಸಿದ್ದಕ್ಕಿಂತ ಅದು ಉಪಯೋಗಕ್ಕೆ ಬಂದೀತು. ಮೂರು, ಪ್ರಾಕ್ಟಿಕಲ್‌ಗೆ ಕೇಸ್ ಹಿಸ್ಟರಿ ಬೇಕಲ್ಲ, ಮೊದಲನೆಯದು ನಿಮ್ಮದೇ ಬರೆಯಿರಿ. ಪೇಪರ್ ತಿದ್ದಿದವರ ವಿಷಯ, ಹಾಸ್ಟೆಲಿನ ಅಳು, ಎಲ್ಲವೂ ಬರಲಿ. ಬರೆದದ್ದನ್ನು ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಭಜ್ಜಿ, ಅಂಬಲಿ ಮುಗಿದ ಮೇಲೆ ಎಲ್ಲರ ಮುಂದೆ ಗಟ್ಟಿಯಾಗಿ ಓದಿ. ನಾವು ಗಂಭೀರವಾಗಿ ಕೇಳುತ್ತೇವೆಂದು ಭಾಷೆ ಕೊಡಲಾರೆವು. ನಗು ಬಂದೇ ಬರುತ್ತದೆ. ಬೇಜಾರಾಗಬೇಡಿ; ವೇಲಂಟ್ ಸಾಹೇಬರ ಲೆಕ್ಕದಲ್ಲಿ ಅದು ಎಲ್ಲಕ್ಕಿಂತ ಮೇಲಿನ ಮೆಟ್ಟಿಲು.

ಇತಿ,
ನಿಮ್ಮಿಂದ ಪರೀಕ್ಷಿಸಲ್ಪಟ್ಟು ಐದಕ್ಕೆ ಮೂರು ಪಡೆದ ಮಧ್ಯಮ ವ್ಯಕ್ತಿತ್ವದ ಮಾಮಾ ಮತ್ತು ಕಟ್ಟೆಯ ಸಂಗಾತಿಗಳು,
ಗುಂಜೋಟಿ