ಕಾಮೋಠೆಯ ಅರ್ಧ ಅಂಕ: ಒಂದು ಸಂಶೋಧನಾ ಪ್ರಬಂಧ

ಚದುರಂಗದ ಬರ್ಲಿನ್ ಡಿಫೆನ್ಸ್‌ಗೆ ಜರ್ಮನಿಯ ಊರಿನ ಹೆಸರು ಅಂಟಿಕೊಂಡಿರುವುದು ಘೋರ ಅನ್ಯಾಯ. ಅದರ ತವರು ಮುಂಬಯಿ ಲೋಕಲ್ಲಿನ ಹಾರ್ಬರ್ ಲೈನು. ಇದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

ಪೂರ್ವಪಕ್ಷದವರು 2000ದ ಲಂಡನ್ನನ್ನು ಎದುರಿಗಿಡುತ್ತಾರೆ. ಅಲ್ಲಿ ಕ್ರಾಮ್ನಿಕ್ ಕಪ್ಪುಕಾಯಿ ಹಿಡಿದು ಇದೇ ಡಿಫೆನ್ಸ್ ಹೂಡಿದ; 15 ಆಟಗಳಲ್ಲಿ 13 ಡ್ರಾ, ಕಾಸ್ಪರೋವ್ ಒಂದನ್ನೂ ಗೆಲ್ಲಲಿಲ್ಲ, ವಿಶ್ವ ಕಿರೀಟವೂ ಹೋಯಿತು. ಇರಲಿ. ಆದರೆ ಅವರಿಬ್ಬರೂ ಬೆಳಗಿನ ಎಂಟರ ಹೊತ್ತಿಗೆ ಕಾಮೋಠೆಯವರ ಮಾನಸರೋವರ ಸ್ಟೇಷನ್ನಿನಲ್ಲಿ ಸಿಎಸ್‌ಎಂಟಿ ಲೋಕಲ್ ಹತ್ತಿದವರಲ್ಲ. ಮೂವರ ಸೀಟಿಗೆ ನಾಲ್ಕನೆಯವನು ಬಂದು ಕಣ್ಸನ್ನೆ ಮಾಡಿದೊಡನೆ ಮೂವರೂ ಗೊಣಗುತ್ತ ನಾಲ್ಕು ಬೆರಳು ಸರಿಯುತ್ತಾರೆ. ಬಂದವನಿಗೆ ಅರ್ಧ ಸೀಟು. ಗೆದ್ದವರಿಲ್ಲ, ಸೋತವರೂ ಇಲ್ಲ. ಡ್ರಾ ಎಂಬ ತತ್ತ್ವದ ಉಗಮ ಇಲ್ಲಿಯೇ.

ಆಧಾರ: ಕಾಮೋಠೆಯ ಸೊಸೈಟಿಯೊಂದರ ಹಾಲ್, ಭಾನುವಾರದ ಪಂದ್ಯ. ಬಿಳಿ ಕಾಯಿ ಕುಂದಾಪುರ ಕಡೆಯ ಹೋಟೆಲಿನವರದು, ಕಪ್ಪು ವಿಜಯಪುರದ ತರುಣನದು. ಬಿಳಿಯ ಒಂದು ಆನೆ ಕಳೆದುಹೋಗಿತ್ತು. ಆ ಮನೆಯಲ್ಲಿ ಅಮೃತಾಂಜನದ ಡಬ್ಬಿ ಕೂತಿತ್ತು. (ಆಟದುದ್ದಕ್ಕೂ ಅದು ಹಣೆಗೇ ಹೆಚ್ಚು ಉಪಯೋಗಕ್ಕೆ ಬಂತೆಂಬುದು ಪ್ರತ್ಯಕ್ಷದರ್ಶಿಗಳ ಹೇಳಿಕೆ.) ಬಿಳಿಯ ಒಂಟೆ ಕುದುರೆಯ ಮೇಲೆ ಕಣ್ಣಿಟ್ಟಿತು, ಕಪ್ಪಿನ ಇನ್ನೊಂದು ಕುದುರೆ ಹೊರಬಿತ್ತು, ಬರ್ಲಿನ್ ಅಂದರೆ ಇಷ್ಟೇ. 10ನೇ ನಡೆಯ ಹೊತ್ತಿಗೆ ಕಪ್ಪಿನ ಎರಡೂ ಕುದುರೆಗಳು ಖಾಲಿ, ಮಂತ್ರಿಗಳು ಮುಖಾಮುಖಿ. ಬಿಳಿ ಮಂತ್ರಿ ಪಕ್ಕಕ್ಕೆ ಸರಿದು ಚೆಕ್ ಕೊಡುತ್ತದೆ, ಕಪ್ಪು ಮಂತ್ರಿ ಅಡ್ಡ ಬರುತ್ತದೆ, ಬಿಳಿ ಹಿಂದಿನ ಮನೆಗೆ, ಕಪ್ಪೂ ಹಿಂದಿನ ಮನೆಗೆ. 14ನೇ ನಡೆಗೆ ಅದೇ ಸ್ಥಿತಿ ಮೂರನೆಯ ಸಲ. ನಿಯಮದ ಪ್ರಕಾರ ಡ್ರಾ ಕೇಳಬಹುದು.

“ಡ್ರಾ ಮಾಡೂಣೇನ್ರೀ ಅಣ್ಣಾ?”

“ಅಡ್ಡಿಲ್ಲ ಮಾರಾಯ. ಹೋಟ್ಲಲ್ಲಿ ಜನ ಇಲ್ಲ.”

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಒಂದು ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ಕಟ್ಟಿದರು. ಎರಡೇ ಮನೆಗಳಲ್ಲಿ ಮಂತ್ರಿಯನ್ನು ನಿವೃತ್ತಿಯವರೆಗೂ ಓಡಾಡಿಸುವುದು ಅದಕ್ಕಿಂತ ಕಠಿಣ ಸಾಧನೆ ಎಂಬುದನ್ನು ಆಫೀಸು-ಮನೆ ಮಾಡುವ ಯಾವ ಕಾಮೋಠೆಕರನೂ ಅಲ್ಲಗಳೆಯಲಾರ.

ಆದ್ದರಿಂದ ಇದನ್ನು ‘ಕಾಮೋಠೆ ಡಿಫೆನ್ಸ್’ ಎಂದೇ ಕರೆಯತಕ್ಕದ್ದು. ಖಾಂದೇಶ್ವರದ ವಿದ್ವಾಂಸರು ಈಗಾಗಲೇ ತಕರಾರು ತೆಗೆದಿದ್ದಾರೆ: ಲೋಕಲ್ ತಮ್ಮಲ್ಲಿಗೆ ಒಂದು ಸ್ಟೇಷನ್ ಮೊದಲೇ ಬರುತ್ತದೆ, ಸೀಟು ಸರಿಸಿದವರು ತಾವೇ ಅಂತೆ. ವಾದದಲ್ಲಿ ಹುರುಳಿದೆ. ರೈಲು ಹೊರಡುವುದೇ ಪನ್ವೇಲಿನಿಂದ ಎಂಬುದು ಅಲ್ಲಿನವರಿಗೆ ಹೊಳೆಯುವ ಮುನ್ನ ಪ್ರಬಂಧ ಅಚ್ಚಾಗಬೇಕು.